ಮುಖವೂ ಒಂದು ಅಮಾನತು
(ಮಲೆಬೆನ್ನೂರು: ಜುಮಾ ಖುತ್ಬಾದ ಸಾರಾಂಶ)

 

ಹಝ್ರತ್ ಆಯಿಶಾ(ರ)ರ ಮೇಲೆ ಮದೀನಾದಲ್ಲಿ ಅಪವಾದ ಹಬ್ಬಿದ ಘಟನೆ ನಮಗೆಲ್ಲ ಗೊತ್ತು. ಕಳೆದುಹೋದ ಹಾರ ಹುಡುಕಲು ಹೋಗಿ ಅವರು ಕಾಫಿಲಾದಿಂದ ಹಿಂದುಳಿದರು, ಅಷ್ಟೇ. ಸುಮಾರು ಒಂದು ತಿಂಗಳು ಆ ಮಾತು ಬಾಯಿಂದ ಬಾಯಿಗೆ ಓಡಿತು. ಸೂರಃ ಅನ್ನೂರ್‌ನ ಆಯತ್‌ಗಳು ಅವತೀರ್ಣವಾದಾಗ ಕಟ್ಟುಕಥೆ ಹೆಣೆದವರ ಜೊತೆಗೆ, ಕೇಳಿದ್ದನ್ನು ವಿಚಾರಿಸದೆ ದಾಟಿಸಿದವರಿಗೂ ಎಚ್ಚರಿಕೆ ಬಂತು.

ಈಗ ದಾಟಿಸಲು ನಾಲಿಗೆಯೂ ಬೇಡ, ಬೆರಳು ಸಾಕು. ಬೆಳಗ್ಗೆ ನಮ್ಮೂರಿನ ಒಂದು ಫೋನಿಗೆ ಬಂದದ್ದು ಅಸರ್ ಹೊತ್ತಿಗೆ ಹರಿಹರ, ದಾವಣಗೆರೆ ಮುಟ್ಟಿರುತ್ತದೆ. ಮದುವೆಯ ಒಂದು ಫೋಟೋ ಸಿಕ್ಕರೆ ಎಐ ಆ್ಯಪ್ ಆ ಮುಖವನ್ನು ಬೇರೆ ದೇಹಕ್ಕೆ ಅಂಟಿಸುತ್ತದೆ. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣರಿಗೆ ಆದದ್ದು ಇದೇ. ದೆಹಲಿ ಪೊಲೀಸರು ಪ್ರಕರಣ ದಾಖಲಿಸಿ, 2024ರ ಜನವರಿಯಲ್ಲಿ ಆಂಧ್ರದಲ್ಲಿ ಆರೋಪಿಯನ್ನು ಹಿಡಿದರು.

ನಟಿಯರ ಮಾತು ನಮಗೇಕೆ ಅನ್ನಬೇಡಿ. 2022ರ ಜನವರಿಯಲ್ಲಿ 'ಬುಲ್ಲಿ ಬಾಯಿ' ಆ್ಯಪ್‌ನಲ್ಲಿ ಹರಾಜಿಗಿಟ್ಟದ್ದು ನಮ್ಮ ಸಮುದಾಯದ ಹೆಣ್ಣುಮಕ್ಕಳ ಫೋಟೋಗಳನ್ನೇ. ಅದಕ್ಕೆ ಎಐ ಕೂಡ ಬೇಕಿರಲಿಲ್ಲ. ಆ ಮಹಿಳೆಯರು ಸುಮ್ಮನೆ ಕೂರದೆ ದೂರು ಕೊಟ್ಟರು. ಮುಂಬೈ ಪೊಲೀಸರು ಕೆಲವೇ ದಿನಗಳಲ್ಲಿ ಬೆಂಗಳೂರಿಗೆ ಬಂದು ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ವಶಕ್ಕೆ ಪಡೆದರು.

ನಮ್ಮ ಮನೆಗಳಲ್ಲಿ ಏನಾಗುತ್ತದೆ? 'ಹೊರಗೆ ಗೊತ್ತಾದರೆ ಇಝ್ಝತ್ ಹೋಗುತ್ತದೆ' ಎಂದು ಮಗಳ ಫೋನ್ ಕಿತ್ತುಕೊಳ್ಳುತ್ತೇವೆ, ಕಾಲೇಜು ಬಿಡಿಸುತ್ತೇವೆ. ಝುಲ್ಮ್ ಮಾಡಿದವನು ಬೀದಿಯಲ್ಲಿ ತಿರುಗುತ್ತಾನೆ, ಝುಲ್ಮ್‌ಗೆ ಒಳಗಾದವಳು ಒಳಕೋಣೆಯಲ್ಲಿ ಕೂರುತ್ತಾಳೆ. ಇದು ಯಾವ ನ್ಯಾಯ?

ಕಾನೂನು ಅವಳ ಕಡೆಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಐಟಿ ಕಾಯ್ದೆಯ 67 ಮತ್ತು 67ಎ ಕಲಂಗಳಡಿ ಅಶ್ಲೀಲ ಚಿತ್ರ ಹಾಕುವುದಷ್ಟೇ ಅಲ್ಲ, ಮುಂದಕ್ಕೆ ಕಳಿಸುವುದೂ ಅಪರಾಧ. ಇಂಥ ತಿರುಚಿದ ಚಿತ್ರದ ಬಗ್ಗೆ ದೂರು ಬಂದ ಮೇಲೆ ಅದನ್ನು ತೆಗೆಯಲು 2021ರ ಐಟಿ ನಿಯಮಗಳು ಆ್ಯಪ್ ಕಂಪನಿಗಳಿಗೆ ಮೊದಲು ಕೊಟ್ಟಿದ್ದು 24 ಗಂಟೆ, 2026ರ ತಿದ್ದುಪಡಿಯ ನಂತರ ಅದು 2 ಗಂಟೆ. ಹುಡುಗಿ 18 ದಾಟಿರದಿದ್ದರೆ ಪೋಕ್ಸೋ ಕಾಯ್ದೆಯೂ ಇದೆ.

ಆದ್ದರಿಂದ ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ. ಕಳಿಸಿದವನ ನಂಬರ್, ಲಿಂಕ್, ದಿನಾಂಕ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 'ನಿಜವೋ ಸುಳ್ಳೋ ನೋಡಿ' ಎಂದು ಮಾಮೂಗೆ, ಚಾಚಾಗೆ ಕಳಿಸಬೇಡಿ, ಹಬ್ಬುವುದು ಹಾಗೆಯೇ. ಮೊದಲು ಆ ಆ್ಯಪ್‌ನಲ್ಲೇ ವರದಿ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಹೆಸರು ಹೇಳದೆಯೂ ಮಾಹಿತಿ ಕೊಡಬಹುದು, ಸಹಾಯವಾಣಿ 1930. ಪ್ರಕರಣ ಮುಂದುವರಿಯಬೇಕಾದರೆ ಮಲೆಬೆನ್ನೂರು ಠಾಣೆಗೋ ದಾವಣಗೆರೆಯ ಸಿಇಎನ್ ಠಾಣೆಗೋ ಹೋಗಿ. 'ನಮ್ಮ ವ್ಯಾಪ್ತಿಯಲ್ಲ' ಎಂದರೆ ಝೀರೋ ಎಫ್‌ಐಆರ್ ಕೇಳಿ.

ದೂರು ಅವಳ ಹೆಸರಿನಲ್ಲಿ, ಅವಳದೇ ಮಾತಿನಲ್ಲಿರಲಿ. ಜೊತೆಗೆ ಅಬ್ಬಾ ಹೋಗಲಿ. ಅಬ್ಬಾ ಇಲ್ಲದ ಮನೆಯಾದರೆ ಅಮ್ಮಿಯ ಜೊತೆ ಜಮಾಅತ್‌ನ ಹಿರಿಯರೊಬ್ಬರು ಹೋಗಬೇಕು, ಅದೂ ಅವತ್ತೇ.