ರಕ್ತದಾನ: ಕೊಡುವವರು, ಕೊಡದವರು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಆರೋಗ್ಯ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಲುವಾಗಿ ಸಂಘದ ಆವರಣದಲ್ಲಿ ಒಂದು ರಕ್ತದಾನ ಶಿಬಿರ ನಡೆಸಬೇಕೆಂದು ಆಡಳಿತ ಮಂಡಳಿಯವರು ತೀರ್ಮಾನಿಸಿ ಅದರ ಹೊಣೆಯನ್ನು ನಮ್ಮ ಉಪಸಮಿತಿಗೆ ವಹಿಸಿದರು. ಬ್ಯಾನರ್ ಕಟ್ಟಿಸಿ, ಆಟೋದಲ್ಲಿ ಮೈಕ್ ಹಾಕಿ ಕೂಗಿಸಿದರೆ ಜನ ಬಂದೇ ಬರುತ್ತಾರೆ ಎಂದು ಕೆಲವರು ಸಲಹೆ ಕೊಟ್ಟರು. ಅದರ ಬದಲು ನಾವು ನಾಲ್ಕಾರು ಜನ ಸಂಜೆ ಹೊತ್ತು ಮನೆ ಮನೆಗೆ ಹೋಗಿ, ಜಗಲಿ ಮೇಲೆ ಕೂತು ಮಾತಾಡಿದೆವು. "ರಕ್ತ ಕೊಡ್ತೀರಾ?" ಎಂದಷ್ಟೇ ಕೇಳಲಿಲ್ಲ. "ಇಲ್ಲ ಅಂದ್ರೆ ಯಾಕೆ?" ಎಂದೂ ಕೇಳಿದೆವು. ಅಲ್ಲಿ ಕಿವಿಗೆ ಬಿದ್ದದ್ದನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇವೆ. ಯಾರ ಹೆಸರನ್ನೂ ಹೇಳುವುದಿಲ್ಲ, ಗಾಬರಿಯಾಗಬೇಡಿ.

ಹೆಚ್ಚು ಮನೆಗಳಲ್ಲಿ ಸಿಕ್ಕ ಉತ್ತರ ಒಂದೇ. "ನಾವು ದುಡಿದು ತಿನ್ನೋ ಜನ ಕಣಪ್ಪ, ರಕ್ತ ಹೋದ್ರೆ ಆಮೇಲೆ ಗುದ್ದಲಿ ಹಿಡಿಯೋರು ಯಾರು?" ಈ ಮಾತನ್ನು ಅಜ್ಞಾನ ಎಂದು ನಗುವುದು ಸುಲಭ. ಆದರೆ ಮೈಯೊಂದನ್ನೇ ಬಂಡವಾಳ ಮಾಡಿಕೊಂಡು ಬದುಕುವವನಿಗೆ ಈ ಭಯ ನ್ಯಾಯವಾದದ್ದೇ. ಆದ್ದರಿಂದ ಲೆಕ್ಕ ಹೇಳುತ್ತೇವೆ. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಶಿಬಿರದಲ್ಲಿ ಸಾಮಾನ್ಯವಾಗಿ ತೆಗೆಯುವುದು 350 ಮಿಲಿಲೀಟರ್, ಅಂದರೆ ಅರ್ಧ ಲೀಟರಿಗೂ ಕಡಿಮೆ. ಅದರ ನೀರಿನ ಅಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣ ತುಂಬಲು ಒಂದೆರಡು ತಿಂಗಳು ಬೇಕು. ಕೊಡದೆ ಇಟ್ಟುಕೊಂಡರೂ ಆ ಕಣಗಳು ಉಳಿಯುವುದಿಲ್ಲ. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಹಳೆಯದು ಸಾಯುತ್ತಾ ಹೊಸದು ಹುಟ್ಟುತ್ತಲೇ ಇರುತ್ತದೆ. ಹಾಗೆಂದು ಏನೂ ಆಗುವುದೇ ಇಲ್ಲ ಎಂದು ನಾವು ಹೇಳುವುದಿಲ್ಲ. ಕೆಲವರಿಗೆ ಸ್ವಲ್ಪ ಹೊತ್ತು ತಲೆ ಸುತ್ತಬಹುದು. ಕೊಟ್ಟ ದಿನ ಮೂಟೆ ಹೊರಬಾರದು, ತೆಂಗಿನ ಮರ ಹತ್ತಬಾರದು, ಟ್ರ್ಯಾಕ್ಟರ್ ಹೊಡೆಯದಿದ್ದರೆ ಒಳ್ಳೆಯದು. ಮಾರನೆಯ ದಿನ ಎಂದಿನಂತೆ ಕೆಲಸ ಮಾಡಬಹುದು. ಗಂಡಸುತನಕ್ಕೆ ಕುಂದು ಬರುತ್ತದೆ ಎಂಬ ಮಾತೂ ನಮ್ಮ ಕಿವಿಗೆ ಬಿತ್ತು. ಅದು ಶುದ್ಧ ಸುಳ್ಳು.

ಸೂಜಿಯ ಭಯ ಇನ್ನೊಂದು. ಹೆಂಗಸರು "ಹೆದರಿಕೆ ಆಗುತ್ತೆ" ಎಂದು ನೇರವಾಗಿ ಹೇಳಿದರು. ಗಂಡಸರು ಮಾತ್ರ "ಅವತ್ತು ತೋಟದಲ್ಲಿ ಕೆಲಸ ಇದೆ" ಎಂದರು! ಶಿಬಿರದ ದಿನಾಂಕವನ್ನು ನಾವಿನ್ನೂ ಹೇಳಿರಲೇ ಇಲ್ಲ.

ಈಗ ಸ್ವಲ್ಪ ಕಹಿಯಾದ ವಿಷಯ. ಸೊಸೆಗೆ ಹೆರಿಗೆಯಲ್ಲಿ ರಕ್ತ ಬೇಕಾದಾಗ ಮಗನನ್ನು ಕೊಡಲು ಬಿಡದ ಮನೆಗಳು ನಮ್ಮ ಸೀಮೆಯಲ್ಲಿ ಇವೆ. "ಅವನು ಮನೆ ನಡೆಸೋ ಗಂಡಸು, ಅವನದ್ಯಾಕೆ ತೆಗೀತೀರಿ? ಅವಳ ಅಣ್ಣತಮ್ಮಂದಿರು ಬರ್ಲಿ" ಎನ್ನುತ್ತಾರೆ. ತವರಿನವರು ಬಸ್ಸು ಹಿಡಿದು ಬರುವ ತನಕ ಆ ಹೆಣ್ಣುಮಗಳು ಕಾಯಬೇಕು. ಹೆರಿಗೆಯ ನಂತರ ವಿಪರೀತ ರಕ್ತಸ್ರಾವ ಶುರುವಾದರೆ, ತಕ್ಷಣ ಚಿಕಿತ್ಸೆ ಸಿಗದಿದ್ದಲ್ಲಿ ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು. ಈ ಮಾತು ಹೇಳುವಾಗ ಕೆಲವು ಅತ್ತೆಯಂದಿರು ನಮ್ಮ ಮೇಲೆ ಕೋಪ ಮಾಡಿಕೊಂಡರು. ಮಾಡಿಕೊಳ್ಳಲಿ, ಹೇಳಬೇಕಾದ ಮಾತು ಹೇಳಲೇಬೇಕು.

ಇಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ ಇದೆ. ಗಂಡನಾಗಲಿ, ಅಣ್ಣನಾಗಲಿ ಆ ಗಳಿಗೆಯಲ್ಲಿ ಓಡಿಬಂದು ಕೊಟ್ಟ ರಕ್ತವನ್ನು ನೇರವಾಗಿ ರೋಗಿಗೆ ಏರಿಸುವುದಿಲ್ಲ. ಕೊಟ್ಟ ಪ್ರತಿಯೊಂದು ಚೀಲವನ್ನೂ ಏಡ್ಸ್ ವೈರಸ್, ಎರಡು ಬಗೆಯ ಕಾಮಾಲೆ, ಸಿಫಿಲಿಸ್ ಮತ್ತು ಮಲೇರಿಯಾಕ್ಕಾಗಿ ಪರೀಕ್ಷೆ ಮಾಡಬೇಕು, ಗುಂಪು ನೋಡಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು. ಹಾಗಾದರೆ ಆ ತಾಯಿಯನ್ನು ಉಳಿಸುವುದು ಯಾವ ರಕ್ತ? ಹಿಂದಿನ ವಾರವೋ ಹಿಂದಿನ ತಿಂಗಳೋ ಯಾರೋ ಗುರುತಿಲ್ಲದವರು ಕೊಟ್ಟು, ಫ್ರಿಜ್ಜಿನಲ್ಲಿ ಆಗಲೇ ಕೂತಿರುವ ರಕ್ತ. "ನಮ್ಮೋರಿಗೆ ಬೇಕಾದಾಗ ಕೊಡ್ತೀವಿ ಬಿಡಿ" ಎಂದು ನಮಗೆ ಎಷ್ಟೋ ಮಂದಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಬೇಕಾದಾಗ ಕೊಟ್ಟದ್ದು ಆಗ ಬೇಕಾದವರಿಗೆ ಒದಗುವುದಿಲ್ಲ, ಮುಂದಿನವರಿಗೆ ಒದಗುತ್ತದೆ.

"ನಾವು ಪುಕ್ಕಟೆ ಕೊಡ್ತೀವಿ, ಅವರು ದುಡ್ಡಿಗೆ ಮಾರ್ಕೋತಾರೆ" ಎಂಬ ಸಿಟ್ಟು ವಿದ್ಯಾವಂತ ಹುಡುಗರಲ್ಲೇ ಜಾಸ್ತಿ. ರಕ್ತವನ್ನು ಮಾರುವಂತಿಲ್ಲ. ಪರೀಕ್ಷೆ, ಚೀಲ, ಶೈತ್ಯ ಇವುಗಳ ಸಂಸ್ಕರಣಾ ವೆಚ್ಚವನ್ನು ಮಾತ್ರ ಪಡೆಯಬಹುದು. ಕೇಂದ್ರದ ಔಷಧ ನಿಯಂತ್ರಕರು ಇದನ್ನು ಮತ್ತೊಮ್ಮೆ ಎಲ್ಲ ರಾಜ್ಯಗಳಿಗೂ ತಿಳಿಸಿದ್ದಾರೆ. ಹೆಚ್ಚಿಗೆ ಕೇಳಿದರೆ ರಸೀದಿ ಕೇಳಿ, ದೂರು ಕೊಡಿ. ಹಾಲು ಕರೆದ ಮೇಲೆ ಅದನ್ನು ತಂಪು ಮಾಡಿ ಸಾಗಿಸುವುದಕ್ಕೆ ಎಷ್ಟು ಖರ್ಚು ಎಂಬುದನ್ನು ಸಂಘದ ಸದಸ್ಯರಿಗೆ ನಾವು ವಿವರಿಸಬೇಕಾಗಿಲ್ಲ.

"ಹಾಗಾದ್ರೆ ನಮಗೂ ಲೀಟರಿಗೆ ಇಷ್ಟು ಅಂತ ಕೊಡ್ಲಿ" ಎಂದು ಒಬ್ಬರು ತಮಾಷೆ ಮಾಡಿದರು. ಹಿಂದೆ ಹಾಗೇ ಇತ್ತು. ಹಸಿವಿಗಾಗಿ, ಹೆಂಡಕ್ಕಾಗಿ ಮತ್ತೆ ಮತ್ತೆ ರಕ್ತ ಮಾರಿಕೊಳ್ಳುವವರು ದೊಡ್ಡ ಊರುಗಳ ಆಸ್ಪತ್ರೆಗಳ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಪಡೆಯುವುದು ನಿಂತಿತು. ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್ ಎಂಬ ಸಮಾಜ ವಿಜ್ಞಾನಿ 1970ರಲ್ಲಿ ಒಂದು ಪುಸ್ತಕ ಬರೆದು, ಪುಕ್ಕಟೆ ಕೊಡುವ ತನ್ನ ದೇಶವನ್ನೂ ದುಡ್ಡು ಕೊಟ್ಟು ಕೊಳ್ಳುವ ರೂಢಿಯಿದ್ದ ಅಮೆರಿಕವನ್ನೂ ಹೋಲಿಸಿದ. ಕೊಂಡ ರಕ್ತದಲ್ಲಿ ಕಾಮಾಲೆಯ ಅಪಾಯ ಹೆಚ್ಚು ಎಂದು ತೋರಿಸಿದ. ಕಾರಣ ನಮಗೆ ಹೊಸದಲ್ಲ. ದುಡ್ಡು ಬರುತ್ತದೆ ಎಂದರೆ ಹಾಲಿಗೆ ನೀರು ಹಾಕುವವನು ಎಲ್ಲ ಊರಲ್ಲೂ ಒಬ್ಬ ಇರುತ್ತಾನೆ. ಹಾಲಿನ ನೀರನ್ನಾದರೂ ಲ್ಯಾಕ್ಟೋಮೀಟರ್ ಹಿಡಿದುಕೊಡುತ್ತದೆ. ರಕ್ತದಲ್ಲಿ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಯೂ ಅದನ್ನು ಹಿಡಿಯಲಾರದು. ಆದ್ದರಿಂದ ಶಿಬಿರದಲ್ಲಿ ಡಾಕ್ಟರು ಕೇಳುವ ಪ್ರಶ್ನೆಗಳಿಗೆ ನಿಜ ಹೇಳುವುದೇ ಮೊದಲ ಪರೀಕ್ಷೆ. ಹೇಳಲು ಮುಜುಗರವಾದರೆ ಸುಮ್ಮನೆ ಎದ್ದು ಬನ್ನಿ, ಯಾಕೆ ಎಂದು ನಾವು ಯಾರೂ ಕೇಳುವುದಿಲ್ಲ. ಸೂಜಿಯಿಂದ ಏಡ್ಸ್ ಬರುತ್ತದೆ ಎಂಬ ಹೆದರಿಕೆ ಬೇಡ. ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಚೀಲ, ತಮ್ಮ ಕಣ್ಣೆದುರಿಗೇ ಒಡೆಯುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳಲಿಲ್ಲ, ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದರು. "ನಮ್ಮ ರಕ್ತ ಯಾರಿಗೆ ಹೋಗುತ್ತೆ? ನಮಗೆ ಯಾರದ್ದು ಹಾಕ್ತಾರೆ?" ಅರ್ಥ ತಮಗೆ ಗೊತ್ತು. ಚೀಲದ ಮೇಲೆ ಗುಂಪು, ತಾರೀಖು, ನಂಬರು ಇರುತ್ತದೆ, ಕುಲ ಬರೆದಿರುವುದಿಲ್ಲ. ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬೀಳುವ ಸಂಘದಲ್ಲಿ ಇಪ್ಪತ್ತೈದು ವರ್ಷ ಕಳೆದ ನಾವು ಈ ಬಗ್ಗೆ ಹೆಚ್ಚು ಹೇಳಬೇಕಿಲ್ಲ ಎಂದುಕೊಂಡಿದ್ದೇವೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ಕೊಡುತ್ತೇವೆ ಎಂದು ಮುಂದೆ ಬಂದವರನ್ನೇ ವಾಪಸು ಕಳಿಸುವ ಪರಿಸ್ಥಿತಿ ಇದೆ. ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಇರಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮನೆಯ ಹಾಲನ್ನೆಲ್ಲ ಸಂಘಕ್ಕೆ ಅಳೆದು, ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಉಣ್ಣುವವರು ಅವರೇ. ಶಿಬಿರದ ದಿನ ಕೊಡಲು ಬಾರದವರೂ ಬಂದು ಹಿಮೋಗ್ಲೋಬಿನ್ ನೋಡಿಸಿಕೊಳ್ಳಲಿ ಎಂದು ಅದಕ್ಕೆ ಬೇರೆ ಮೇಜನ್ನೇ ಹಾಕಿಸುತ್ತಿದ್ದೇವೆ.

ಇನ್ನು ಕೊಡುವವರು ಯಾಕೆ ಕೊಡುತ್ತಾರೆ? ದೊಡ್ಡ ಆದರ್ಶದ ಮಾತುಗಳನ್ನು ನಿರೀಕ್ಷಿಸಿದ್ದೆವು, ಅವು ಸಿಕ್ಕಿದ್ದು ಕಡಿಮೆ. "ಕಾಲೇಜಲ್ಲಿ ಸ್ನೇಹಿತ ಕರ್ಕೊಂಡು ಹೋದ", "ನಮ್ಮ ತಂದೆಗೆ ಆಪರೇಷನ್ ಆದಾಗ ಯಾರೋ ಕೊಟ್ಟಿದ್ರು", "ಟಿಫನ್ ಬಾಕ್ಸ್ ಕೊಡ್ತಾರೆ ಅಂದ್ರು, ಹೋದೆ" ಹೀಗೆ. ಟಿಫನ್ ಬಾಕ್ಸಿಗೆ ಹೋದವನೂ ಎರಡನೆಯ ಸಲ ತಾನಾಗಿಯೇ ಹೋಗಿದ್ದಾನೆ. ಕೊಡದವರಲ್ಲಿಯೂ ಬಹುಮಂದಿ ಕೊನೆಗೆ ಹೇಳಿದ್ದು, "ನಮ್ಮನ್ನ ಇಲ್ಲೀಗಂಟ ಯಾರೂ ಕೇಳೇ ಇಲ್ವಲ್ಲ!" ಇದೇ ನಮಗೆ ತಿಳಿದುಬಂದ ಮುಖ್ಯ ಸಂಗತಿ. ಹೆದರಿಕೆಗಿಂತ, ಮೌಢ್ಯಕ್ಕಿಂತ ದೊಡ್ಡ ಕಾರಣ ಮುಖ ನೋಡಿ ಯಾರೂ ಕೇಳದಿರುವುದು.

ಒಂದು ವಿನಂತಿ. ಎಲ್ಲರೂ ಒಂದೇ ದಿನ ಕೊಟ್ಟು ವರ್ಷವಿಡೀ ಮರೆಯುವುದರಿಂದ ಪ್ರಯೋಜನ ಕಡಿಮೆ. ಸಾಮಾನ್ಯ ಚೀಲದ ರಕ್ತವನ್ನು 35 ದಿನ ಮಾತ್ರ ಇಡಬಹುದು, ಕೆಲವು ಬಗೆಯ ಚೀಲದಲ್ಲಿ ಕೆಂಪು ಕಣವನ್ನು 42 ದಿನ. ಡೆಂಗಿ ಜ್ವರದಲ್ಲಿ ಕೇಳುವ ಪ್ಲೇಟ್‌ಲೆಟ್ ಉಳಿಯುವುದು 5 ದಿನ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜು ಮುಚ್ಚಿ ಶಿಬಿರಗಳು ಕಡಿಮೆಯಾದಾಗ ರಕ್ತನಿಧಿಗಳು ಪರದಾಡುತ್ತವೆ. ಥಲಸ್ಸೇಮಿಯಾ ಇರುವ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು, ಅವರಿಗೆ ಬೇಸಿಗೆ ರಜೆ ಇಲ್ಲ. ಆದುದರಿಂದ ಊರವರನ್ನು ಎರಡು ತಂಡ ಮಾಡಿ, ಒಂದನ್ನು ಈ ಶಿಬಿರಕ್ಕೆ, ಇನ್ನೊಂದನ್ನು ಬೇಸಿಗೆಗೆ ಇಡಬೇಕೆಂದು ಯೋಚಿಸಿದ್ದೇವೆ.

18 ವರ್ಷ ತುಂಬಿದ, 45 ಕೆ.ಜಿ. ತೂಕವಿರುವ ಆರೋಗ್ಯವಂತರು 65ರವರೆಗೆ ಕೊಡಬಹುದು. ಮೊದಲ ಸಲ ಕೊಡುವವರು 60 ದಾಟಿರಬಾರದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಬಸುರಿಯರು, ಹಾಲೂಡಿಸುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡವರು ಕೊಡುವಂತಿಲ್ಲ. ಕುಡಿದು ಬಂದವರನ್ನು ಗೇಟಿನಲ್ಲೇ ವಾಪಸು ಕಳಿಸುತ್ತೇವೆ, ಬೇಸರ ಮಾಡಿಕೊಳ್ಳಬಾರದು.

ಹೆಸರು ಬರೆಯುವ ಪುಸ್ತಕ ಹಾಲು ಅಳೆಯುವ ಮೇಜಿನ ಪಕ್ಕದಲ್ಲೇ ಇದೆ. ಸಂಜೆ ಹಾಲು ಹಾಕಲು ಬಂದಾಗ ಬರೆಸಿ, ಗುಂಪು ಗೊತ್ತಿದ್ದರೆ ಅದನ್ನೂ ಹೇಳಿ. ಶಿಬಿರದ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಮುದ್ದೆ ಉಂಡು, ಚೆನ್ನಾಗಿ ನೀರು ಕುಡಿದು ಬನ್ನಿ.