ಆಟದೊಳಗಿನ ಅವಸರ: ‘ದ ವಿಂಡ್ ವೇಕರ್’ ಕುರಿತು ಒಂದು ವಿಚಾರ

ಹಿರಿಯ ವಿದ್ವಾಂಸರೊಬ್ಬರ ಸ್ಮರಣೆಯಲ್ಲಿ ನಡೆದುಬಂದಿರುವ ಈ ದತ್ತಿ ಉಪನ್ಯಾಸ ಮಾಲೆಯಲ್ಲಿ ವಿಡಿಯೋ ಗೇಮಿಗೂ ಸ್ಥಾನ ದೊರೆತಿರುವುದು ಆ ಕ್ಷೇತ್ರದ ಅಧ್ಯಯನಕ್ಕೆ ಸಂದ ದೊಡ್ಡ ಗೌರವ. ಗೇಮ್ ತಯಾರಿಕೆಯ ಹಂತಗಳು ಮತ್ತು ಉದ್ಯಮದ ಚರಿತ್ರೆ ಬೇರೆಡೆ ಸುಲಭವಾಗಿ ಸಿಗುವುದರಿಂದ ಇಲ್ಲಿ ಅವುಗಳ ವಿಸ್ತಾರ ಅನಗತ್ಯ. 1982ರ ಕ್ರಿಸ್‌ಮಸ್ ಮಾರಾಟಕ್ಕಾಗಿ ಹೊವಾರ್ಡ್ ಸ್ಕಾಟ್ ವಾರ್ಷಾ ಸುಮಾರು ಐದು ವಾರಗಳಲ್ಲಿ ರೂಪಿಸಿದ ಅಟಾರಿಯ ‘ಇ.ಟಿ.’ ಹೇಗೆ ಸೋತಿತೆಂಬುದೂ, ನ್ಯೂ ಮೆಕ್ಸಿಕೊದ ಅಲಮೊಗೊರ್ಡೊದಲ್ಲಿ ಹೂತಿದ್ದ ಅದರ ಪ್ರತಿಗಳನ್ನು 2014ರಲ್ಲಿ ಅಗೆದು ತೆಗೆದದ್ದೂ ಎಲ್ಲರೂ ಬಲ್ಲ ಸಂಗತಿಗಳೇ. ಇಲ್ಲಿ ಚರ್ಚಿಸಬೇಕಾದ ಪ್ರಶ್ನೆ ಬೇರೆ: ತಯಾರಕರ ಕಚೇರಿಯಲ್ಲಿ ಏನು ನಡೆಯಿತೆಂದು ತಿಳಿಯದ ಆಟಗಾರನಿಗೂ ‘ಇದನ್ನು ಅವಸರದಲ್ಲಿ ಮುಗಿಸಿದ್ದಾರೆ’ ಎಂಬ ಭಾವನೆ ಯಾವುದರಿಂದ ಹುಟ್ಟುತ್ತದೆ?

ಇದಕ್ಕೆ ರೂಢಿಯಲ್ಲಿರುವ ಉತ್ತರಗಳು ಎರಡು. ತಯಾರಿಕೆಗೆ ದೊರೆತ ಕಾಲ ಕಡಿಮೆಯಾದರೆ ಗೇಮ್ ಅವಸರದ್ದಾಗಿ ತೋರುತ್ತದೆ ಎಂಬುದು ಮೊದಲನೆಯದು. ನಿಂಟೆಂಡೊದ ‘ಮಜೋರಾಸ್ ಮಾಸ್ಕ್’ (2000) ಈ ವಾದಕ್ಕೆ ಒಗ್ಗುವುದಿಲ್ಲ. ಹಿಂದಿನ ‘ಆಕರಿನಾ ಆಫ್ ಟೈಮ್’ ಗೇಮಿನ ಪಾತ್ರರೂಪಗಳನ್ನೇ ಮತ್ತೆ ಬಳಸಿ ಸುಮಾರು ಒಂದು ವರ್ಷದಲ್ಲಿ ಕಟ್ಟಿದ ಆ ಕೃತಿ, ಮೂರು ದಿನಗಳು ಮರುಕಳಿಸುವ ತನ್ನ ಕಾಲಚಕ್ರದೊಳಗೆ ಪರಿಪೂರ್ಣವಾಗಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, 1997ರಲ್ಲಿ ಘೋಷಣೆಯಾಗಿ 2011ರಲ್ಲಿ ಬಿಡುಗಡೆಯಾದ ‘ಡ್ಯೂಕ್ ನ್ಯೂಕಮ್ ಫಾರೆವರ್’ ಅಷ್ಟು ಕಾಲ ಕಳೆದೂ ಜೋಡಣೆ ಮುಗಿಯದ ಗೇಮಿನಂತೆಯೇ ಕಾಣುತ್ತದೆ.

ಬಗ್‌ಗಳೇ, ಅಂದರೆ ಪ್ರೋಗ್ರಾಮಿನಲ್ಲಿ ಉಳಿದುಬಿಟ್ಟ ದೋಷಗಳೇ, ಅವಸರದ ಗುರುತು ಎಂಬುದು ಎರಡನೆಯ ಉತ್ತರ. 2020ರ ಡಿಸೆಂಬರಿನಲ್ಲಿ ಬಂದ ‘ಸೈಬರ್‌ಪಂಕ್ 2077’ ಅನ್ನು ಸೋನಿ ಕೆಲವೇ ದಿನಗಳಲ್ಲಿ ತನ್ನ ಆನ್‌ಲೈನ್ ಮಳಿಗೆಯಿಂದ ತೆಗೆದುಹಾಕಿದ್ದನ್ನು ಈ ಪಕ್ಷದವರು ಮುಂದಿಡುತ್ತಾರೆ. ಆದರೆ ಬಗ್ ತಿದ್ದಬಹುದಾದ ದೋಷ. ತಿದ್ದಿದ ಮೇಲೆ ಅದರ ನೆನಪು ಉಳಿಯಬಹುದೇ ಹೊರತು ಅನುಭವ ಉಳಿಯುವುದಿಲ್ಲ. ಬಗ್‌ಗಳು ಕಾಡದ ಗೇಮಿನಲ್ಲೂ ಅವಸರ ಎದ್ದು ಕಾಣುವುದನ್ನು ಈ ವಾದ ವಿವರಿಸಲಾರದು.

ಅಂಥ ಗೇಮುಗಳಲ್ಲಿ ಮುಖ್ಯವಾದದ್ದು, 2002ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ದ ವಿಂಡ್ ವೇಕರ್’. ‘ಮಜೋರಾಸ್ ಮಾಸ್ಕ್’ ನಿರ್ದೇಶಕರಲ್ಲಿ ಒಬ್ಬರಾದ ಐಜಿ ಆನುಮಾ ಅವರೇ ಇದರ ನಿರ್ದೇಶಕರು. ಇದರಲ್ಲಿ ಆಟಗಾರ ಮೂರು ಮುತ್ತುಗಳನ್ನು ಸಂಪಾದಿಸಬೇಕು. ಮೊದಲ ಎರಡು ಮುತ್ತುಗಳಿಗಾಗಿ ಆತ ಒಂದೊಂದು ದ್ವೀಪಕ್ಕೆ ಹೋಗಿ, ಅಲ್ಲಿಯ ಜನರ ಕಷ್ಟ ತಿಳಿದು, ಒಂದೊಂದು ಡಂಜನ್, ಅಂದರೆ ಒಗಟುಗಳೂ ಶತ್ರುಗಳೂ ತುಂಬಿದ ಕೋಣೆಗಳ ಸರಣಿ, ದಾಟುತ್ತಾನೆ. ಶ್ರಮ ಇಷ್ಟು, ಫಲ ಇಷ್ಟು ಎಂಬ ಕರಾರು ಇಲ್ಲಿಗೆ ಏರ್ಪಟ್ಟಿರುತ್ತದೆ. ಮೂರನೆಯ ಮುತ್ತಿಗಾಗಿ ಗ್ರೇಟ್‌ಫಿಶ್ ದ್ವೀಪಕ್ಕೆ ಬಂದಾಗ ಅದು ಮೊದಲೇ ಸಿಡಿದು ಹೋಳಾಗಿದೆ. ಜಬೂನ್ ಎಂಬ ಮಹಾಮತ್ಸ್ಯ ಬೇರೆಡೆ ಅಡಗಿದ್ದು, ಅದರ ಗುಹೆಯ ಬಾಯಿಯ ಬಂಡೆಯನ್ನು ಬಾಂಬಿನಿಂದ ಒಡೆದರೆ ಮುತ್ತು ಕೈಸೇರುತ್ತದೆ. ನಡುವೆ ಡಂಜನ್ ಇಲ್ಲ. ಒಡ್ಡೋಲಗಕ್ಕೆ ರಾತ್ರಿಯೆಲ್ಲ ಕಳೆದು, ಬೆಳಗಾಯಿತೆಂದು ಕಾಳಗವನ್ನು ನಾಲ್ಕೇ ಪದಗಳಲ್ಲಿ ಮುಗಿಸಿದ ಬಯಲಾಟದ ಪ್ರೇಕ್ಷಕನಿಗೆ ಆಗುವ ಅನುಭವವೇ ಇಲ್ಲಿ ಆಟಗಾರನಿಗೂ ಆಗುತ್ತದೆ.

ಕೊರತೆ ಇಲ್ಲಿ ತೆರವಾಗಿ ಕಂಡರೆ, ಆಟದ ಕೊನೆಯ ಭಾಗದಲ್ಲಿ ತುಂಬುಗೆಯಾಗಿ ಕಾಣುತ್ತದೆ. ಟ್ರೈಫೋರ್ಸ್ ಎಂಬ ದಿವ್ಯವಸ್ತುವಿನ ಎಂಟು ಚೂರುಗಳು ಕಡಲ ತಳದಲ್ಲಿವೆ. ಪ್ರತಿ ಚೂರಿಗೂ ಒಂದು ನಕ್ಷೆಯನ್ನು ಹುಡುಕಿ, ಅದನ್ನು ಓದಿಸಲು ಟಿಂಗಲ್ ಎಂಬ ಪಾತ್ರಕ್ಕೆ ಆಟದೊಳಗಿನ ನಾಣ್ಯದಲ್ಲಿ 398 ರೂಪೀ ತೆತ್ತು, ಮತ್ತೆ ದೋಣಿ ನಡೆಸಿ, ಕ್ರೇನ್ ಇಳಿಸಿ ಚೂರನ್ನು ಮೇಲೆತ್ತಬೇಕು. ಶ್ರಮಕ್ಕೂ ಫಲಕ್ಕೂ ಇದ್ದ ಕರಾರು ಇಲ್ಲಿ ಇನ್ನೊಂದು ಬಗೆಯಲ್ಲಿ ಮುರಿಯುತ್ತದೆ: ಶ್ರಮ ಬೆಳೆಯುತ್ತದೆ, ಫಲ ಬೆಳೆಯುವುದಿಲ್ಲ. ಯೋಜಿಸಿದ್ದ ಡಂಜನ್‌ಗಳನ್ನು ಕೈಬಿಡಬೇಕಾಯಿತೆಂದು ಆನುಮಾ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ.

2013ರಲ್ಲಿ ಇದೇ ಗೇಮಿನ ಎಚ್‌ಡಿ ಆವೃತ್ತಿ ಬಂದಾಗ ಕೈಬಿಟ್ಟ ಡಂಜನ್‌ಗಳು ಸೇರಲಿಲ್ಲ. ಬದಲಿಗೆ ಎಂಟರಲ್ಲಿ ಐದು ಚೂರುಗಳು ನಕ್ಷೆಯಿಲ್ಲದೆ ನೇರವಾಗಿ ಸಿಗುವಂತಾಯಿತು. ಹೊಸದಾಗಿ ಏನನ್ನೂ ಕಟ್ಟದೆ, ಇದ್ದುದರಲ್ಲಿ ಒಂದಷ್ಟನ್ನು ಕಳೆದ ಮಾತ್ರಕ್ಕೆ ಕೊನೆಯ ಭಾಗದ ಅವಸರದ ಛಾಯೆ ಬಹುಮಟ್ಟಿಗೆ ಅಳಿಯಿತು. ಅವಸರ ಅನ್ನಿಸುವುದು ಕೃತಿಯ ಗಾತ್ರದಿಂದಲ್ಲ, ಅದರ ಭಾಗಗಳ ನಡುವಿನ ಅಳತೆ ತಪ್ಪುವುದರಿಂದ ಎಂಬ ಈ ಉಪನ್ಯಾಸದ ಪ್ರತಿಪಾದನೆಗೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಕಡಿಮೆಯಾದದ್ದು ಬೇಸರವೇ ಹೊರತು ಅವಸರವಲ್ಲ, ಅದಕ್ಕೂ ದೋಣಿಯನ್ನು ಬೇಗ ಸಾಗಿಸಲು ಹೊಸ ಆವೃತ್ತಿಯಲ್ಲಿ ಸೇರಿಸಿದ ವೇಗದ ಹಾಯಿಯೇ ಕಾರಣ ಎಂದು ಪ್ರತಿವಾದಿಗಳು ಹೇಳಬಹುದು. ಈ ಆಕ್ಷೇಪ ನಿಲ್ಲುವುದಿಲ್ಲ. ಹಾಯಿ ಇಡೀ ಕಡಲಿಗೆ ಅನ್ವಯಿಸುತ್ತದೆ; ಆಟಗಾರರ ದೂರಾದರೋ ಮುಖ್ಯವಾಗಿ ಈ ಒಂದು ಘಟ್ಟದ ಮೇಲಿತ್ತು. ಮೇಲಾಗಿ, ಜಬೂನನ ಪ್ರಸಂಗ ಹೊಸ ಆವೃತ್ತಿಯಲ್ಲೂ ಡಂಜನ್ ಇಲ್ಲದೆಯೇ ಮುಗಿಯುತ್ತದೆ, ಅಲ್ಲಿಯ ಟೊಳ್ಳೂ ಹಾಗೆಯೇ ಉಳಿದಿದೆ. ವೇಗದ ಹಾಯಿ ಅದನ್ನು ತುಂಬಿಲ್ಲ.

ಸ್ಕ್ವೇರ್ ಸಂಸ್ಥೆಯ ‘ಜೀನೋಗಿಯರ್ಸ್’ (1998) ಇದೇ ನಿಯಮದ ಇನ್ನೊಂದು ರೂಪ. ಮೊದಲ ಡಿಸ್ಕಿನಲ್ಲಿ ಆಟಗಾರ ತಾನೇ ನಡೆದು, ಹೋರಾಡಿ ಕಂಡುಕೊಂಡ ಕಥೆಯನ್ನು ಎರಡನೆಯ ಡಿಸ್ಕಿನಲ್ಲಿ ಕುರ್ಚಿಯ ಮೇಲೆ ಕುಳಿತ ಪಾತ್ರಗಳು ನಿರೂಪಿಸುತ್ತವೆ. ಅಲ್ಲಿ ಕಥೆ ಕಡಿಮೆಯಾಗಿಲ್ಲ. ಆಟಗಾರನ ಪಾಲು ಕಡಿಮೆಯಾಗಿದೆ.

ಯಾವ ಹಿರಿಯರ ಹೆಸರಿನಲ್ಲಿ ಈ ದತ್ತಿ ನಡೆಯುತ್ತಿದೆಯೋ ಅವರ ವಿದ್ವತ್ತಿಗೆ ಸಲ್ಲಿಸಬಹುದಾದ ಯೋಗ್ಯ ಗೌರವವೆಂದರೆ, ಕೃತಿಯನ್ನು ಅದರ ಸುತ್ತಲಿನ ಸುದ್ದಿಯಿಂದಲ್ಲದೆ ಕೃತಿಯಿಂದಲೇ ಅಳೆಯುವುದು. ಗೇಮ್ ವಿಮರ್ಶಕರು ತಯಾರಿಕೆಯ ತಿಂಗಳುಗಳನ್ನೂ ಬಗ್‌ಗಳನ್ನೂ ಎಣಿಸುವುದಕ್ಕೆ ಮೊದಲು, ಆ ಗೇಮ್ ತನ್ನ ಆರಂಭದಲ್ಲಿ ಆಟಗಾರನಿಗೆ ಕೊಟ್ಟ ಮಾತು ಯಾವುದು, ಅದು ಎಲ್ಲಿ ಮುರಿಯಿತು ಎಂಬುದನ್ನು ಗುರುತಿಸಬೇಕು. ತಯಾರಕರೂ ಗಡುವು ಹತ್ತಿರವಾದಾಗ ಕೊನೆಯ ಭಾಗವನ್ನು ಮಾತ್ರ ಕತ್ತರಿಸದೆ, ಮೊದಲ ಭಾಗದ ಭರವಸೆಯನ್ನೂ ಅದಕ್ಕೆ ತಕ್ಕಂತೆ ತಗ್ಗಿಸಬೇಕು. ಅಳತೆ ಕೂಡಿಬಂದ ಸಣ್ಣ ಗೇಮ್, ಅಳತೆಗೆಟ್ಟ ದೊಡ್ಡ ಗೇಮಿಗಿಂತ ಯಾವಾಗಲೂ ಮೇಲು.