ಸ್ವಂತದ ಒಂದು ಸಣ್ಣ ವಿಷಯ



ಪದವಿ ಪಡೆದವರಿಗೂ, ಅವರು ಪಡೆಯುವಂತೆ ಮಾಡಿದವರಿಗೂ ನನ್ನ ಹಾರ್ದಿಕ ಅಭಿನಂದನೆಗಳು. ಅಭಿನಂದನೆಯನ್ನು ವಿಸ್ತರಿಸುವ ಕಲೆ ನನಗೆ ಸಿದ್ಧಿಸಿಲ್ಲ. ಅದಕ್ಕೆ ಬೇಕಾದ ವಿಶೇಷಣಗಳನ್ನೆಲ್ಲ ಸಂಪಾದಕನಾಗಿದ್ದ ಕಾಲದಲ್ಲಿ ಪರರ ಲೇಖನಗಳಿಂದ ಹೊಡೆದುಹಾಕುತ್ತ ಬಂದವನು ನಾನು.

ನಿವೃತ್ತನಾದ ಮೇಲೆ ಉಪ್ಪಿನಕಾಯಿಯ ಮಾವಿನಮಿಡಿಯಾದ ಅಪ್ಪೆಮಿಡಿಯನ್ನು ಕುರಿತು ಒಂದು ಜಾಲತಾಣವನ್ನು ನಡೆಸುತ್ತಿರುವೆನೆಂಬುದು ಈ ಭಾಗದ ಕೆಲವರಿಗೆ ತಿಳಿದಿರುವುದರಿಂದ, ತಮ್ಮದೂ ಒಂದು ಇರಲೆಂಬ ಹಂಬಲವುಳ್ಳ ತರುಣ ತರುಣಿಯರು ಆಗಾಗ ನಮ್ಮ ಮನೆಗೆ ಬರುವುದುಂಟು. ಬಂದವರು ಆಸರಿಗೆ ಕುಡಿದು ಲೋಟವನ್ನು ಕೆಳಗಿಡುವ ಮೊದಲೆ ಕೇಳುವುದು ಒಂದೇ ಮಾತು: “ಸಾರ್, ಯಾವ ವಿಷಯಕ್ಕೆ ಜಾಹೀರಾತು ಜಾಸ್ತಿ?” ಇದನ್ನು ಕೇಳಿದಾಗಲೆಲ್ಲ ನನ್ನ ತಾಳ್ಮೆ ಕದಲುತ್ತದೆ. ಹಣವನ್ನು ಹಳಿಯುವ ವೈರಾಗ್ಯ ನನ್ನದಲ್ಲ. ಆದರೆ ಸಾಲ, ವಿಮೆ, ಮೊಬೈಲು ಮೊದಲಾದ ವಿಷಯಗಳಲ್ಲಿ ಹಣವಿದೆಯೆಂಬುದು ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ, ನಿಮಗಿಂತ ನೂರುಪಾಲು ಧನಬಲವೂ ಜನಬಲವೂ ಉಳ್ಳ ಸಂಸ್ಥೆಗಳು ಅಲ್ಲಿ ಬೇರುಬಿಟ್ಟು ಕುಳಿತಿರುತ್ತವೆ. ಆ ವಿಷಯದಲ್ಲಿ ಒಳಗಿನಿಂದ ಕುತೂಹಲವಿಲ್ಲದೆ, ಕೇವಲ ಲಾಭದ ಲೆಕ್ಕದಿಂದ ಅವುಗಳೊಡನೆ ಸೆಣಸಹೊರಟ ಒಂಟಿ ಮನುಷ್ಯನು, ಓದುಗರು ಬಾರದ ಮೊದಲ ಮಳೆಗಾಲವನ್ನೂ ದಾಟದೆ ಕೈಚೆಲ್ಲುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಕೆಲವರು ಎಲ್ಲ ವಿಷಯಗಳೂ ತಮ್ಮಲ್ಲಿರಲೆಂದು ಆಶಿಸಿ, ಶಿವರಾಮ ಕಾರಂತರ ಹೆಸರನ್ನು ಮುಂದೊಡ್ಡುತ್ತಾರೆ. 1930ರ ದಶಕದಲ್ಲಿ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ ವಿಶ್ವಕೋಶವನ್ನು ಏಕಾಕಿಯಾಗಿ ರಚಿಸಿದುದು ಸತ್ಯ, ಆದರೆ ಅಂದು ಕನ್ನಡದ ಮಕ್ಕಳಿಗೆ ಅಂತಹದೊಂದು ಇರಲಿಲ್ಲವೆಂಬುದೂ ಸತ್ಯ. ಇಂದಾದರೋ ಕನ್ನಡ ವಿಕಿಪೀಡಿಯ ಇದೆ, 2003ರಿಂದಲೂ ನಡೆಯುತ್ತಿದೆ. ಸಾಮಾನ್ಯ ಜ್ಞಾನದ ಬಯಲನ್ನು ಹಲವರು ಸೇರಿ ಉಳುತ್ತಿರುವಾಗ ನೀವೊಬ್ಬರೇ ಅಲ್ಲಿ ನೇಗಿಲು ಹಿಡಿಯಬೇಕಾದ ಅಗತ್ಯವಿಲ್ಲ.

ಹಾಗಾದರೆ ತನಗೆ ತಕ್ಕ ವಿಷಯವಾವುದೆಂದು ತಿಳಿಯುವ ಬಗೆ ಹೇಗೆ? ಇದನ್ನು ನನಗೆ ಕಲಿಸಿದವರು ನನ್ನ ಮೊದಲ ಸಂಪಾದಕರು. ಅವರನ್ನು ಕುರಿತು ತುಸು ದೀರ್ಘವಾಗಿಯೆ ಹೇಳುತ್ತೇನೆ. ಹೇಳಲು ಇನ್ನೊಂದು ವೇದಿಕೆ ನನಗೆ ದೊರೆಯಲಾರದು.

ಅವರ ವಾರಪತ್ರಿಕೆಗೆ ನಾನು ಉಪಸಂಪಾದಕನಾಗಿ ಸೇರಿದಾಗ, ವಿಶ್ವರಾಜಕಾರಣ, ಚಲನಚಿತ್ರ, ನವ್ಯಕಾವ್ಯ ಇವಿಷ್ಟನ್ನು ಬಿಟ್ಟು ಬೇರೆ ಬರೆಯತಕ್ಕದ್ದು ಏನಿದೆಯೆಂಬ ಭಾವನೆ ನನ್ನದು. ಅವರಾದರೋ ಒಂದಕ್ಷರವನ್ನೂ ಬರೆಯಗೊಡದೆ, ಓದುಗರ ಪತ್ರಗಳ ಚೀಲವನ್ನು ಮುಂದಿರಿಸಿ, ಹೊಗಳಿಕೆಯ ಪತ್ರಗಳನ್ನೆಲ್ಲ ಬದಿಗಿಟ್ಟು, ಪ್ರಶ್ನೆಯುಳ್ಳವನ್ನು ಮಾತ್ರ ಆರಿಸಿ, ಒಂದೇ ಜಾತಿಯ ಪ್ರಶ್ನೆಗಳನ್ನು ಒಂದೇ ಕಟ್ಟಾಗಿ ಕಟ್ಟುವ ಕೆಲಸಕ್ಕೆ ಹಚ್ಚಿದರು. ತಿಂಗಳುಗಟ್ಟಲೆ ಅದನ್ನೇ ಮಾಡಿ ಬೇಸತ್ತು, ನಾನು ಬರೆಯುವುದು ಯಾವಾಗ ಎಂದು ಒಂದು ದಿನ ಕೇಳಿಯೆಬಿಟ್ಟೆ. ಕನ್ನಡಕದ ಮೇಲಿನಿಂದ ನೋಡುತ್ತ ಅವರೆಂದರು: “ನಿನಗೆ ಏನು ಬರೆಯಲು ಆಸೆ ಎಂಬುದು ಇರಲಯ್ಯ. ನೀನು ಊರಿಗೆ ಹೋದಾಗ ಜನ ನಿನ್ನನ್ನು ಏನು ಕೇಳುತ್ತಾರೆ?”

ನನಗೆ ಸಿಟ್ಟು ಬಂದಿತು. ಮಿಡಿ ಉಪ್ಪಿನಕಾಯಿಗೆ ನಮ್ಮಮ್ಮನ ಕೈ ಊರಲ್ಲೆಲ್ಲ ಹೆಸರಾದುದು. ಅವರನ್ನು ಕೇಳಲು ಸಂಕೋಚಪಡುವವರು ನನ್ನನ್ನು ಹಿಡಿದು, ಈ ಸಲ ಮಿಡಿ ಎಲ್ಲಿಂದ ತಂದಿರಿ, ಜೀರಿಗೆ ಪರಿಮಳದ್ದೋ, ಭರಣಿಯಲ್ಲಿ ಮೆತ್ತಗಾಗುವುದೇಕೆ ಎಂದು ವಿಚಾರಿಸುತ್ತಿದ್ದರು. ಇದನ್ನು ಕುಹಕದ ಧ್ವನಿಯಲ್ಲಿ ಅರುಹಿದೆ. “ಸರಿ, ಅದನ್ನೇ ಬರಿ” ಎಂದು ಅವರು ಮತ್ತೆ ತಮ್ಮ ಕರಡಚ್ಚಿಗೆ ತಲೆಬಾಗಿಸಿದರು.

ಬರೆದೆ. ಮರುವಾರದಿಂದ ಕಾಗದಗಳು ಬರತೊಡಗಿದವು. ಮಿಡಿಯನ್ನು ತೊಟ್ಟಿನೊಡನೆಯೆ ಕೊಯ್ಯಬೇಕು, ಸೊನೆ ಸೋರಿಹೋದರೆ ಪರಿಮಳವೂ ಹೋಯಿತು, ಬಾಳಿಕೆಯೂ ಹೋಯಿತು ಎಂಬಲ್ಲಿ ಎಲ್ಲರೂ ಒಂದೇ ಮತ. ಉಪ್ಪುನೀರನ್ನು ಕುದಿಸಿ ಆರಿಸಿ ಹೊಯ್ಯಬೇಕೆಂದು ಸಾಗರದ ಕಡೆಯವರೊಬ್ಬರು, ಹರಳುಪ್ಪಿನಲ್ಲಿ ಮಿಡಿ ತಾನಾಗಿಯೆ ನೀರುಬಿಟ್ಟು ಚಿರುಟಬೇಕೆಂದು ಶಿರಸಿಯ ಕಡೆಯವರೊಬ್ಬರು. ತಳಿಗಳಲ್ಲಿ ಮಾಳಂಜಿ ಅಪ್ಪೆ ಲೇಸೋ, ಅನಂತಭಟ್ಟನ ಅಪ್ಪೆ ಲೇಸೋ ಎಂಬ ವಾದವಂತೂ ತಾರಕಕ್ಕೇರಿತು. ಶರಾವತಿಯ ದಂಡೆಯಲ್ಲಿದ್ದ ತಮ್ಮ ಮನೆತನದ ಮರಗಳು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದುದನ್ನು ಒಬ್ಬ ವೃದ್ಧರು ನಾಲ್ಕು ಪುಟ ಬರೆದು ಕಳುಹಿಸಿದರು. ಅದನ್ನು ಓದಿ ಮೌನವಾಗಿ ಕುಳಿತ ಸಂಪಾದಕರು, ಕಡೆಗೆ, “ಪುಟವಿಲ್ಲವಲ್ಲ” ಎಂದರು. ಅದು ಅಚ್ಚಾಗಲಿಲ್ಲ.

ನನ್ನ ಜೀವಮಾನದಲ್ಲಿ ನಾನು ಕಂಡ ದೊಡ್ಡ ಬದಲಾವಣೆಯು ‘ಪುಟವಿಲ್ಲ’ ಎಂಬ ಈ ಒಂದು ಮಾತಿಗೆ ಸಂಬಂಧಪಟ್ಟುದು. ಕಾಗದ, ಅಚ್ಚುಕೂಟ, ಅಂಚೆ ಇವುಗಳ ಖರ್ಚನ್ನು ಹೊರಬೇಕಾದ ಪತ್ರಿಕೆಯು ಪ್ರತಿಯೊಂದು ಪುಟದಲ್ಲಿಯೂ ಬಹುಸಂಖ್ಯೆಯ ಓದುಗರನ್ನು ತೃಪ್ತಿಪಡಿಸಬೇಕಾಗಿದ್ದುದರಿಂದ, ನಾಡಿನುದ್ದಗಲದಲ್ಲಿ ಚದರಿಹೋದ ಇನ್ನೂರು ಮಂದಿಗೆ ಮಾತ್ರ ಪ್ರಿಯವಾದ ವಿಷಯವು, ಅವರಿಗೆ ಅದೆಷ್ಟೇ ಪ್ರಾಣಪ್ರಿಯವಾಗಿರಲಿ, ಪತ್ರಿಕೆಯ ಹೊರಗೆಯೇ ಉಳಿಯುತ್ತಿತ್ತು. ಇದಕ್ಕೆ ಅಪವಾದಗಳು ಇಲ್ಲದಿಲ್ಲ: 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟು ನಡೆದುಬಂದಿತು, ಅದರ ಸಂಪಾದಕರಾದ ಶ್ರೀಪಡ್ರೆಯವರು ಹಿತ್ತಿಲಲ್ಲಿ ಕೊಳೆಯುತ್ತಿದ್ದ ಹಲಸಿನ ಹಣ್ಣನ್ನು ಕುರಿತು, ಜನ ನಗುವರೆಂಬ ಹೆದರಿಕೆಯಿಲ್ಲದೆ, ಸಂಚಿಕೆಯಿಂದ ಸಂಚಿಕೆಗೆ ಬರೆದರು. ಆದರೆ ಅವರ ಬೆನ್ನಹಿಂದೆ ಬೆಳೆಗಾರರ ಸಂಘವೊಂದು ಇದ್ದಿತು. ಇಂದು ಅಂತರ್ಜಾಲದಲ್ಲಿ ಆ ಇನ್ನೂರು ಮಂದಿ, ಶಿರಸಿಯಲ್ಲಿರಲಿ ಸಿಂಗಪುರದಲ್ಲಿರಲಿ, ಹುಡುಕಿಕೊಂಡು ತಾವಾಗಿಯೆ ಬರುತ್ತಾರೆ. ಅವರಿಗಾಗಿ ಉಳಿದವರ ಅನುಮತಿಯನ್ನು ಬೇಡಬೇಕಾಗಿಲ್ಲ. ಆ ವೃದ್ಧರ ನಾಲ್ಕು ಪುಟಗಳಿಗೆ ಈಗ ಎಡೆಯುಂಟು. ಹೀಗಿರಲು, ಎಲ್ಲರನ್ನೂ ಮೆಚ್ಚಿಸುವ ಹಳೆಯ ದಾಸ್ಯವನ್ನು ನೀವೇ ಹುಡುಕಿಕೊಂಡು ಹೋಗಿ ಕೊರಳಿಗೆ ಕಟ್ಟಿಕೊಳ್ಳುವುದೇಕೆ?

ಇಲ್ಲಿ ನಿಮ್ಮಲ್ಲೊಬ್ಬರು, ನಮಗೆ ಅಂತಹ ವಿಶೇಷ ಜ್ಞಾನವೇನಿದೆ ಎನ್ನಬಹುದು. ನನಗೆ ಉಪ್ಪಿನಕಾಯಿ ಹಾಕಲು ಇಂದಿಗೂ ಬಾರದು. ಬರುವುದೆಂದರೆ ಎರಡು ಪತ್ರಗಳನ್ನು ಹೋಲಿಸುವುದು, ಹೇಳಿದವರಾರು, ಕಂಡವರಾರು ಎಂದು ಬೇರ್ಪಡಿಸುವುದು. ಆಸಕ್ತಿ ಅಮ್ಮನ ಭರಣಿಯಿಂದ ಬಂದಿತು, ಕುಶಲತೆ ಸಂಪಾದಕರ ಚೀಲದಿಂದ ಬಂದಿತು. ಇವೆರಡೂ ಒಂದೇ ಕಡೆಯಿಂದ ಬರಬೇಕೆಂಬ ನಿಯಮವಿಲ್ಲ, ಬೇರೆಬೇರೆ ಕಡೆಯಿಂದ ಬಂದು ಸೇರಿದಾಗಲೇ ಪರರು ಸುಲಭವಾಗಿ ಅನುಕರಿಸಲಾರದ ವಿಷಯವೊಂದು ಹುಟ್ಟುತ್ತದೆ. ಯಕ್ಷಗಾನದ ಹುಚ್ಚುಳ್ಳ ವಾಣಿಜ್ಯ ಪದವೀಧರನು ವೇಷಭೂಷಣದ ವರ್ಣನೆಯನ್ನು ಬಲ್ಲವರಿಗೆ ಬಿಟ್ಟು, ಮಂದಾರ್ತಿ, ಕಟೀಲು ಮೇಳಗಳ ಹರಕೆಯಾಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಹಚ್ಚಬೇಕಾದುದೇಕೆ, ಮೇಳವೊಂದರ ತಿರುಗಾಟದ ಆಯವ್ಯಯ ಹೇಗೆ ಎಂಬುದನ್ನು ಬರೆಯಲಿ. ಕಾನೂನು ಓದಿದ ಅಡಿಕೆ ತೋಟದ ಮನೆಯ ಹುಡುಗಿ ತೋಟದವರು ಸೊಪ್ಪು ತರುವ ‘ಸೊಪ್ಪಿನ ಬೆಟ್ಟ’ದ ಹಕ್ಕುಗಳನ್ನು ಕುರಿತು ಬರೆದರೆ, ಉತ್ತರ ಕನ್ನಡದಲ್ಲಿ ಅವಳ ಬಾಗಿಲನ್ನು ತಟ್ಟದವರಾರು? ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ ಆ ಸರಸತೆಗೆ ಮರುಳಾಗುವವರು, ಅದರ ಕೆಳಗೆ ಸಸ್ಯಗಳ ಅಂಗರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಬಹುಕಾಲ ನೋಡಿದ ಕಣ್ಣೊಂದು ಇದೆಯೆಂಬುದನ್ನು ಮರೆಯಬಾರದು.

ಆರಿಸಿದ ವಿಷಯ ನಿಮ್ಮದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು, ಯಾರನ್ನೂ ಕೇಳದೆ, ಯಾವ ಯಂತ್ರವನ್ನೂ ತೆರೆಯದೆ, ಮೂವತ್ತು ಲೇಖನಗಳ ಶೀರ್ಷಿಕೆಗಳನ್ನು ಕಾಗದದ ಮೇಲೆ ಬರೆಯಿರಿ. ಎಂಟಕ್ಕೆ ನಿಂತುಹೋದರೆ ಆ ವಿಷಯದಲ್ಲಿ ನಿಮಗಿರುವುದು ಮೋಹವಷ್ಟೆ. ಮೂವತ್ತೂ ತುಂಬಿ, ಅವು ಯಾರ ಕೈಯಲ್ಲಾದರೂ ಬರೆಯಿಸಬಹುದಾದವೆಂದು ತೋರಿದರೆ ವಿಷಯ ಇನ್ನೂ ಅಗಲವಾಗಿದೆ: ಅಡುಗೆಯಿಂದ ಉಪ್ಪಿನಕಾಯಿಗೆ, ಉಪ್ಪಿನಕಾಯಿಯಿಂದ ಮಿಡಿಗೆ ಇಳಿಯಿರಿ. ಈಗ ಕೇಳಿದುದನ್ನೆಲ್ಲ ಕ್ಷಣಾರ್ಧದಲ್ಲಿ ಬರೆದುಕೊಡುವ ಯಂತ್ರಗಳು ಬಂದಿವೆ. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಅವು ಈಗಾಗಲೆ ಬರೆದಿಟ್ಟುದನ್ನು ಬಲ್ಲವು. ಅಘನಾಶಿನಿ ಹೊಳೆಯ ತಿರುವಿನಲ್ಲಿರುವ ನಿಮ್ಮಜ್ಜನ ಮರವನ್ನು ಯಾರೂ ಬರೆದಿಟ್ಟಿಲ್ಲ.

ಇನ್ನು ಕೆಲವು ಮಾತು. ತಾಣದ ಹೆಸರನ್ನು ನಿಮ್ಮ ಹೆಸರಿನಲ್ಲಿಯೇ ನೋಂದಾಯಿಸಿ, ನವೀಕರಣದ ದಿನವನ್ನು ಮನೆಯ ಪಂಚಾಂಗದಲ್ಲಿ ಗುರುತುಹಾಕಿ; ಸ್ನೇಹಿತನ ಮಿಂಚಂಚೆಗೆ ಅದನ್ನು ಒಪ್ಪಿಸಿ, ಸ್ನೇಹ ಕೆಟ್ಟ ದಿನವೆ ತಾಣವನ್ನೂ ಕಳೆದುಕೊಂಡವರು ಇದ್ದಾರೆ. ಯೂನಿಕೋಡಿನಲ್ಲಿಯೆ ಬರೆಯಿರಿ, ಹಳೆಯ ಫಾಂಟುಗಳಲ್ಲಿ ಬರೆದ ಎಷ್ಟೋ ಒಳ್ಳೆಯ ಕನ್ನಡ ಬರಹ ಇಂದು ಹುಡುಕುವವರ ಕೈಗೆ ಸಿಗದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಚಿತ್ರದ ಕೆಳಗೂ ತಾರೀಖು, ಊರು, ಕ್ಲಿಕ್ಕಿಸಿದವರ ಹೆಸರು ಇರತಕ್ಕದ್ದು; ನನ್ನ ಮನೆಯವರು ಇದನ್ನು ನನ್ನ ಗೀಳೆಂದೇ ಕರೆಯುತ್ತಾರೆ. ಈ ಕಾಲದ ತರುಣರು ಸಾವಿರ ಚಿತ್ರ ತೆಗೆಯುತ್ತಾರೆ, ಒಂದಕ್ಕೂ ತಾರೀಖು ಬರೆಯರು! ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯವರು ಅಪ್ಪೆಮಿಡಿಯ ತಳಿಗಳನ್ನು ಅರಸಿ ಕೂಡಿಡುವ ಕೆಲಸವನ್ನು ಮಾಡುತ್ತ ಬಂದಿದ್ದಾರೆ. ಊರಿಲ್ಲದ, ದಿನವಿಲ್ಲದ ಮಿಡಿಯ ಚಿತ್ರವನ್ನು ಹಿಡಿದು ಅಂತಹವರು ಯಾವ ಮರವನ್ನು ಹುಡುಕಿಯಾರು?

ಕುಲಪತಿಗಳು ಗಡಿಯಾರವನ್ನು ನೋಡುತ್ತಿದ್ದಾರೆ. ಕಡೆಯದಾಗಿ ಒಂದು ಸ್ವಾರ್ಥದ ಬೇಡಿಕೆ: ಈ ಮಾಘ ಕಳೆದರೆ ಮಿಡಿಗಚ್ಚುವ ಕಾಲ. ನಿಮ್ಮಲ್ಲಿ ಸಿದ್ದಾಪುರ, ಸೊರಬ, ಹೊಸನಗರದ ಕಡೆಯವರು ಊರಿಗೆ ಹೋದಾಗ, ಕೊಂಬೆ ಕಡಿದು ಮಿಡಿ ಉದುರಿಸುವವರನ್ನು ತಡೆಯಿರಿ. ಮರದ ಹೆಸರು, ಹೊಳೆಯ ಹೆಸರು, ಕಸಿಗೆ ಕುಡಿ ಕೊಡಲು ಮನೆಯವರು ಒಪ್ಪುವರೋ ಇಲ್ಲವೋ ಎಂಬುದನ್ನು ಬರೆದು ನನಗೆ ಕಳುಹಿಸಿರಿ. ತಾರೀಖನ್ನು ಮರೆಯಬೇಡಿ.